ಎದೆಯೊಳಗಿನ ಮಿಶನ್

2022ರ ಜುಲೈ ತಿಂಗಳು. ನಮ್ಮ ಶಾಲೆಯ ವಿಜ್ಞಾನದ ಟೀಚರು ಹೆರಿಗೆ ರಜೆಯಲ್ಲಿ ಹೋದದ್ದರಿಂದ ಏಳನೇ ತರಗತಿಯ ವಿಜ್ಞಾನ ನನ್ನ ಪಾಲಿಗೆ ಬಂತು. ನಾನು ಬಿ.ಎ., ಬಿ.ಎಡ್. ಮಾಡಿದವಳು. ಮೂವತ್ತು ವರ್ಷದಿಂದ ಕನ್ನಡವನ್ನೂ ಸಮಾಜವನ್ನೂ ಕಲಿಸಿಕೊಂಡು ಬಂದವಳಿಗೆ ಹೃದಯದ ನಾಲ್ಕು ಕೋಣೆಗಳನ್ನು ಬೋರ್ಡಿನ ಮೇಲೆ ಬಿಡಿಸುವುದೇ ಒಂದು ಸಾಹಸ. ಬಿಡಿಸಿ ಮುಗಿಸಿದಾಗ ಅದು ಗೇರುಹಣ್ಣಿನ ಹಾಗೆ ಕಾಣುತ್ತಿತ್ತು. ಆದರೂ ಧೈರ್ಯ ಮಾಡಿ, "ಹೃದಯ ಅಂದರೆ ಒಂದು ಪಂಪು ಇದ್ದ ಹಾಗೆ ಮಕ್ಕಳೇ" ಎಂದೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ಅಪ್ಪ ಅಡಿಕೆ ತೋಟಗಳ ಪಂಪು ರಿಪೇರಿ ಮಾಡುವವರು. "ಟೀಚರ್, ಪಂಪು ಆದ್ರೆ ಅದರ ಸ್ವಿಚ್ಚು ಎಲ್ಲಿ ಉಂಟು? ಹಾಕೂದು ಯಾರು?"

ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಉತ್ತರ ಗೊತ್ತಿಲ್ಲದ ಟೀಚರುಗಳು ನಗುವ ನಗು ಅದು. "ನಾಳೆ ಹೇಳ್ತೇನೆ, ಕೂತ್ಕೊ" ಎಂದು ಪಾಠ ಮುಂದುವರಿಸಿದೆ. ಆ ನಾಳೆ ಬರುವ ಮೊದಲೇ ಉತ್ತರ ನಮ್ಮ ಮನೆಯಂಗಳಕ್ಕೆ ಬಂದು ಬಿತ್ತು.

ಬಿದ್ದದ್ದು ನನ್ನ ಅಮ್ಮ. ಎಪ್ಪತ್ತೆಂಟು ದಾಟಿದ ಜೀವ. ಬಾವಿಕಟ್ಟೆಯ ಹತ್ತಿರ ಕೊಡಪಾನ ಹಿಡಿದು ನಿಂತವರು ನಿಂತಲ್ಲೇ ಕುಸಿದರು. ಫರಂಗಿಪೇಟೆಯಿಂದ ಮಂಗಳೂರಿಗೆ ರಿಕ್ಷಾದಲ್ಲಿ ಹೋಗುವಾಗ ನಾನು ಅವರ ಮಣಿಕಟ್ಟು ಹಿಡಿದುಕೊಂಡೇ ಇದ್ದೆ. ನಾಡಿ ಒಮ್ಮೆ ಬಡಿದರೆ ಇನ್ನೊಮ್ಮೆ ಬಡಿಯುತ್ತದೋ ಇಲ್ಲವೋ ಎನ್ನುವಷ್ಟು ಹೊತ್ತು. ಆಸ್ಪತ್ರೆಯಲ್ಲಿ ನೋಡಿದರೆ ನಿಮಿಷಕ್ಕೆ ಮೂವತ್ತಾರು. ಡಾಕ್ಟರಮ್ಮ ಇ.ಸಿ.ಜಿ.ಯ ಪಟ್ಟಿಯನ್ನು ಮೇಜಿನ ಮೇಲೆ ಹರಡಿ ಪೆನ್ನಿನ ತುದಿಯಿಂದ ತೋರಿಸಿದರು. ಹೃದಯದ ಬಲಗಡೆಯ ಮೇಲಿನ ಕೋಣೆಯಲ್ಲಿ ಬತ್ತದ ಕಾಳಿನಷ್ಟು ಚಿಕ್ಕ ಒಂದು ಜಾಗ ಉಂಟಂತೆ. ಬಡಿ ಎನ್ನುವ ಸೂಚನೆ ಹೊರಡುವುದು ಅಲ್ಲಿಂದ. "ನಿಮ್ಮ ಅಮ್ಮನಿಗೆ ಸ್ವಿಚ್ಚು ಸರಿ ಉಂಟು. ಕೆಳಗೆ ಹೋಗುವ ವಯರು ಕಟ್ಟಾಗಿದೆ. ಕೆಳಗಿನ ಕೋಣೆಗಳು ತಮಗೆ ಬೇಕಾದಾಗ ಬಡಿಯುತ್ತಿವೆ" ಎಂದರು. ಪೇಸ್‌ಮೇಕರ್ ಇಡಬೇಕು, ನಾಳೆಯೇ ಇಟ್ಟರೆ ಒಳ್ಳೆಯದು.

ಅಮ್ಮನಿಗೆ ಅದನ್ನು ನಾನೇ ಹೇಳಿದೆ. ಅವರು ಒಂದೇ ಮಾತು ಹೇಳಿದರು. "ನನ್ನ ಎದೆಯೊಳಗೆ ಮಿಶನ್ ಇಡುವುದು ಬೇಡ."

ಈ ಮಿಶನ್ ಎಂಬ ಮಾತು ನಮ್ಮ ಕಡೆ ಎರಡು ಅರ್ಥದ್ದು. ಹೊಲಿಗೆ ಮಿಶನ್, ಅಕ್ಕಿ ಮಿಶನ್ ಎನ್ನುವಾಗ ಅದು ಯಂತ್ರ. ಬಾಸೆಲ್ ಮಿಶನ್ ಎನ್ನುವಾಗ 1834ರಲ್ಲಿ ಮಂಗಳೂರಿಗೆ ಬಂದಿಳಿದ ಪಾದ್ರಿಗಳ ಸಂಸ್ಥೆ. ಎರಡು ಬೇರೆ ಬೇರೆ ಇಂಗ್ಲಿಷ್ ಶಬ್ದಗಳು ನಮ್ಮ ಬಾಯಲ್ಲಿ ಒಂದೇ ಆಗಿಬಿಟ್ಟವು. ಭಾಷಾಶಾಸ್ತ್ರದವರು ಇದನ್ನು ಉಚ್ಚಾರದ ದೋಷ ಎಂದಾರು. ಆದರೆ ನೇತ್ರಾವತಿಯ ದಡದಲ್ಲಿ ದೊಡ್ಡ ಯಂತ್ರಗಳನ್ನು ಮೊದಲು ತಂದು ನಿಲ್ಲಿಸಿದವರು ಆ ಮಿಶನ್ನಿನವರೇ ಆದ್ದರಿಂದ ಜನ ಹೇಳಿದ್ದು ಅಷ್ಟೇನೂ ತಪ್ಪಲ್ಲ ಎಂದು ನನಗೆ ತೋರುತ್ತದೆ.

ನಮ್ಮ ಊರಿನ ಹೆಸರಿನಲ್ಲೇ ಹೊರಗಿನವರ ನೆನಪು ಉಂಟು. ಫರಂಗಿ ಎಂದರೆ ಪೋರ್ಚುಗೀಸರು. ಫ್ರಾಂಕ್ ಎಂಬ ಜನಾಂಗದ ಹೆಸರು ಅರಬರ, ಪಾರಸಿಕರ ಬಾಯಲ್ಲಿ ಹೊರಳಿ ಹೊರಳಿ ನಮ್ಮಲ್ಲಿಗೆ ಫರಂಗಿಯಾಗಿ ಬಂತು. ಅವರು ಬಂದದ್ದು ಮೆಣಸು, ಅಕ್ಕಿಗಳ ವ್ಯಾಪಾರಕ್ಕೆ. ಬಾಸೆಲ್‌ನವರ ಕಣ್ಣು ಬಿದ್ದದ್ದು ನಮ್ಮ ಮಣ್ಣಿನ ಮೇಲೆ. ಮುದ್ರಣಾಲಯದ ಕೆಲಸ ಬಲ್ಲ ಜಾರ್ಜ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಡದ ಜೇಡಿಮಣ್ಣು ಹಂಚಿಗೆ ಹೇಳಿ ಮಾಡಿಸಿದಂಥದ್ದು ಎಂದು ಕಂಡುಕೊಂಡರು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ಮೊದಲು ಮಣ್ಣು ಅರೆಯುವ ಗಿರಣಿಯನ್ನು ತಿರುಗಿಸುತ್ತಿದ್ದದ್ದು ಎತ್ತುಗಳು. ಬಳಿಕ ಉಗಿ ಯಂತ್ರ ಬಂತು. ಮೂರು ವರ್ಷದಲ್ಲಿ, 1868ರಲ್ಲಿ, ನಮಗೆ ಹತ್ತಿರದ ಪಾಣೆಮಂಗಳೂರಿನಲ್ಲಿ ಊರಿನವರದೇ ಆದ ಕಾರ್ಖಾನೆಯೂ ಎದ್ದಿತು. ಆಮೇಲೆ ಹೊಳೆಯ ಉದ್ದಕ್ಕೂ ಚಿಮಣಿಗಳು. ಮಂಗಳೂರು ಹಂಚು ಹಡಗು ಹತ್ತಿ ಎಲ್ಲೆಲ್ಲಿಗೋ ಹೋಯಿತು.

ಅಂಥ ಕಾರ್ಖಾನೆಯೊಂದರಲ್ಲಿ ನನ್ನ ಅಜ್ಜ ಪ್ರೆಸ್ಸಿನಲ್ಲಿ ಇದ್ದರು. ಅರೆದು ಹದ ಬಂದ ಮಣ್ಣಿನ ಹಲಗೆಯನ್ನು ಅಚ್ಚಿನ ಮೇಲೆ ಇಡುವುದು, ಮೇಲಿನ ಅಚ್ಚು ಬಂದು ಒತ್ತುವುದು, ಹಂಚು ತೆಗೆದು ಅಂಚು ಸವರಿ ಕೊಡುವುದು. ಹೆಂಗಸರು ಅದನ್ನು ಹೊತ್ತು ಒಣಗುವ ಅಟ್ಟೆಗೆ ಸೇರಿಸುವುದು. ಸುಟ್ಟ ಹಂಚು ಒಂದೊಂದು ಎರಡೂವರೆ ಕಿಲೋದಷ್ಟು ತೂಗುತ್ತದೆ. ಹಸಿ ಹಂಚಿಗೆ ನೀರಿನ ಭಾರವೂ ಸೇರುತ್ತದೆ. ದಿನಕ್ಕೆ ಎಷ್ಟು ಸಲ ಹೊತ್ತರು ಎಂದು ಲೆಕ್ಕ ಇಟ್ಟವರು ಕಾರ್ಖಾನೆಯವರು, ಹೊತ್ತ ಹೆಂಗಸರಲ್ಲ. ಬೆಳಿಗ್ಗೆ ಕಾರ್ಖಾನೆಯ ಕೂಗು ಕೇಳಿ ಸುತ್ತಲಿನ ಮನೆಗಳಲ್ಲಿ ಒಲೆ ಹೊತ್ತಿಸುತ್ತಿದ್ದರಂತೆ. "ಮಿಶನ್ ಕೂಗಿತು, ಏಳಿ" ಎನ್ನುವುದು ಅಮ್ಮ ಸಣ್ಣವರಿರುವಾಗ ಮನೆಯ ಸುಪ್ರಭಾತ.

ಒಂದು ಮಳೆಗಾಲದಲ್ಲಿ ಅಜ್ಜನ ಬಲಗೈಯ ಎರಡು ಬೆರಳು ಪ್ರೆಸ್ಸಿಗೆ ಹೋದವು. ಅಚ್ಚಿಗೂ ಏನೋ ಪೆಟ್ಟಾಗಿತ್ತು. ಮರುದಿನ ಅಚ್ಚನ್ನು ಬಿಚ್ಚಿ ಸರಿ ಮಾಡಿದರು, ಮೂರನೆಯ ದಿನ ಪ್ರೆಸ್ ನಡೆಯಿತು, ಅಜ್ಜನ ಜಾಗದಲ್ಲಿ ಇನ್ನೊಬ್ಬ ನಿಂತ. ಅಜ್ಜ ನಾಲ್ಕು ತಿಂಗಳು ಮನೆಯಲ್ಲಿ ಕೂತರು. ಅಮ್ಮನ ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯಿತು. ಮಡಿಲಲ್ಲಿ ಮೊರ ಬಂತು, ಮೊರದಲ್ಲಿ ಬೀಡಿ ಎಲೆ.

ಇಷ್ಟು ಗೊತ್ತಿದ್ದವಳಾದ ನಾನು ಆ ರಾತ್ರಿ ಆಸ್ಪತ್ರೆಯ ವೆರಾಂಡದ ಬೆಂಚಿನಲ್ಲಿ ಕೂತು ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲಾರದೆ ಹೋದೆ. ಬೆಳಿಗ್ಗೆಯ ಒಳಗೆ ಒಪ್ಪಿಸಬೇಕು. ಆದರೆ ಯಾವ ಮಾತು ಹೇಳಿ?

ಆಮೇಲಿನ ದಿನಗಳಲ್ಲಿ, ಹುಡುಗನ ಪ್ರಶ್ನೆ ತಲೆಯಲ್ಲಿ ಕೂತದ್ದರಿಂದ, ಹೃದಯವನ್ನು ಪಂಪು ಎನ್ನುವ ಯೋಚನೆಯ ದಾರಿ ಎಲ್ಲಿಂದ ಬಂತು ಎಂದು ಸಿಕ್ಕಿದ ಪುಸ್ತಕಗಳಲ್ಲಿ ಹುಡುಕಿದೆ. ಸಿಕ್ಕಿದ್ದನ್ನು ಇಲ್ಲಿ ಸ್ವಲ್ಪ ಹೇಳಿದರೆ ಅಡ್ಡಿಯಿಲ್ಲ ಅಂದುಕೊಳ್ಳುತ್ತೇನೆ.

ತಿಂದ ಅನ್ನ ಯಕೃತ್ತಿಗೆ ಹೋಗಿ ಅಲ್ಲಿ ರಕ್ತವಾಗುತ್ತದೆ, ಆ ರಕ್ತ ಮೈಯೆಲ್ಲ ಹರಿದು ಖರ್ಚಾಗುತ್ತದೆ ಎಂದು ಯೂರೋಪಿನವರು ಸಾವಿರದ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ನಂಬಿದ್ದರು. 1628ರಲ್ಲಿ ವಿಲಿಯಂ ಹಾರ್ವೆ ಎಂಬ ಇಂಗ್ಲಿಷ್ ವೈದ್ಯ ಇದನ್ನು ಒಂದು ಲೆಕ್ಕದಿಂದ ಬೀಳಿಸಿದ. ಮನೆ ನಡೆಸುವ ಹೆಂಗಸರಿಗೆ ತಕ್ಷಣ ಹೊಳೆಯುವ ಲೆಕ್ಕ ಅದು. ತಿಂಗಳಿಗೆ ಹತ್ತು ಕಿಲೋ ಅಕ್ಕಿ ಬರುವ ಮನೆಯಲ್ಲಿ ದಿನಕ್ಕೆ ಐವತ್ತು ಕಿಲೋ ಅನ್ನ ಬೇಯುತ್ತದೆ ಎಂದರೆ ನಂಬುತ್ತೀರಾ? ಒಂದು ಬಡಿತಕ್ಕೆ ಹೊರಬೀಳುವ ರಕ್ತ ಎಷ್ಟೇ ಕಡಿಮೆ ಎಂದು ಹಿಡಿದರೂ ಅರ್ಧ ಗಂಟೆಯಲ್ಲಿ ಇಡೀ ದೇಹದಲ್ಲಿರುವ ರಕ್ತಕ್ಕಿಂತ ಹೆಚ್ಚಾಗುತ್ತದೆ. ಅಷ್ಟನ್ನು ಹೊಸದಾಗಿ ಮಾಡಲು ಯಾವ ಹೊಟ್ಟೆಗೂ ಸಾಧ್ಯವಿಲ್ಲ. ಆದ್ದರಿಂದ ಹೋದ ರಕ್ತವೇ ತಿರುಗಿ ಬರುತ್ತಿರಬೇಕು. ಇವತ್ತಿನ ಅಳತೆಯಲ್ಲಿ ಹೇಳುವುದಾದರೆ ನಿಮಿಷಕ್ಕೆ ಸುಮಾರು 5 ಲೀಟರು, ದಿನಕ್ಕೆ ಸುಮಾರು 1 ಲಕ್ಷ ಬಡಿತ.

ಹಾರ್ವೆಯ ಬೆನ್ನಿಗೇ ಫ್ರಾನ್ಸಿನ ದೆಕಾರ್ತ ಬಂದ. ರಾಜನ ಉದ್ಯಾನದಲ್ಲಿ ನೀರಿನ ಒತ್ತಡದಿಂದ ಕೈಕಾಲು ಆಡಿಸುವ ಬೊಂಬೆಗಳಿದ್ದವು. ಅವುಗಳನ್ನು ಮಾದರಿಯಾಗಿ ಇಟ್ಟುಕೊಂಡು, ನರಗಳು ಆ ಕೊಳವೆಗಳ ಹಾಗೆ, ದೇಹ ಒಂದು ಯಂತ್ರ ಎಂದು ಬರೆದ. ಮನುಷ್ಯನ ದೇಹದ ಕುರಿತ ಆ ಪುಸ್ತಕ ಅವನು ತೀರಿಹೋಗಿ ಹನ್ನೆರಡು ವರ್ಷಕ್ಕೆ, 1662ರಲ್ಲಿ ಅಚ್ಚಾಯಿತು. ಆತ ಆತ್ಮವನ್ನಾದರೂ ಯಂತ್ರದ ಹೊರಗೆ ಇಟ್ಟಿದ್ದ. ಮುಂದಿನ ಶತಮಾನದಲ್ಲಿ ಲಾ ಮೆತ್ರಿ ಎಂಬ ವೈದ್ಯ ಅದೂ ಬೇಡ, ಮನುಷ್ಯ ಪೂರಾ ಯಂತ್ರವೇ ಎಂದು ಬರೆದು ಊರು ಬಿಟ್ಟು ಓಡಬೇಕಾಯಿತು.

ನಮ್ಮಲ್ಲೂ ಯಂತ್ರ ಎಂಬ ಮಾತು ಹೊಸದೇನೂ ಅಲ್ಲ. ಹಿಡಿದಿಡುವುದು, ಹತೋಟಿಯಲ್ಲಿಡುವುದು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಜೀವಿಗಳನ್ನು ಯಂತ್ರದ ಮೇಲೆ ಕೂರಿಸಿ ತಿರುಗಿಸುವ ಈಶ್ವರನ ಮಾತು ಬರುತ್ತದೆ. ಸುಶ್ರುತಸಂಹಿತೆಯಲ್ಲಿ ವೈದ್ಯನ ಉಪಕರಣಗಳ ಲೆಕ್ಕ ಉಂಟು. ಹಿಡಿಯುವ, ಎಳೆಯುವ, ತೆಗೆಯುವ ಯಂತ್ರಗಳು 101, ಕೊಯ್ಯುವ ಶಸ್ತ್ರಗಳು 20. ನೂರ ಒಂದನ್ನೂ ಎಣಿಸಿದವನು, ಎಲ್ಲಕ್ಕಿಂತ ಮುಖ್ಯವಾದ ಯಂತ್ರ ಕೈ, ಯಾಕೆಂದರೆ ಕೈಯಿಲ್ಲದೆ ಉಳಿದ ಯಾವುದೂ ನಡೆಯುವುದಿಲ್ಲ ಎಂದ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಸುಶ್ರುತನಿಗೆ ಯಂತ್ರ ಕೈಯ ಮುಂದುವರಿಕೆ. ಅಜ್ಜನ ಕಾರ್ಖಾನೆಯಲ್ಲಿ ಅಜ್ಜನ ಕೈ ಯಂತ್ರದ ಮುಂದುವರಿಕೆ. ಇಂಗ್ಲೆಂಡಿನ ಗಿರಣಿಗಳಲ್ಲಂತೂ ಕೂಲಿಯವರನ್ನು 'ಕೈಗಳು' ಎಂದೇ ಲೆಕ್ಕಕ್ಕೆ ಬರೆಯುತ್ತಿದ್ದರು. ಇನ್ನೂರು ಕೈ ಬೇಕು ಎಂದರೆ ಇನ್ನೂರು ಜನ. ಕೈಗೆ ಅಂಟಿಕೊಂಡು ಬರುವ ಹೊಟ್ಟೆ, ಮಕ್ಕಳು, ಜ್ವರ ಇವು ಲೆಕ್ಕದಲ್ಲಿ ಇಲ್ಲ. 1911ರಲ್ಲಿ ಅಮೆರಿಕದ ಟೇಲರ್ ಎಂಬವನು ಗಡಿಯಾರ ಹಿಡಿದು ಕೂಲಿಯವನ ಒಂದೊಂದು ಚಲನೆಯನ್ನೂ ಅಳೆಯುವುದು ಹೇಗೆ ಎಂದು ಪುಸ್ತಕವನ್ನೇ ಬರೆದ.

ದೇಹ ಯಂತ್ರದ ಹಾಗೆ ಎಂದು ಹೇಳಿದ್ದರಿಂದ ವೈದ್ಯಶಾಸ್ತ್ರ ಬೆಳೆಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹಾಗೆ ಯೋಚಿಸಿದವರು ಇಲ್ಲದಿದ್ದರೆ ನನ್ನ ಅಮ್ಮ ಬಾವಿಕಟ್ಟೆಯಲ್ಲೇ ಮುಗಿದಿರುತ್ತಿದ್ದರು. ಆದರೆ 'ಹಾಗೆ' ಎಂಬ ಎರಡಕ್ಷರ ಬಿಟ್ಟುಹೋದಾಗ ಅಜ್ಜನಂಥವರ ಕೈ ಬಿಡಿಭಾಗವಾಗುತ್ತದೆ. ಕಾಂಟ್ ಎಂಬ ಜರ್ಮನಿಯ ತತ್ವಜ್ಞಾನಿ 1790ರ ತನ್ನ ಪುಸ್ತಕದಲ್ಲಿ ಗಡಿಯಾರದ ಉದಾಹರಣೆ ಕೊಡುತ್ತಾನೆ. ಗಡಿಯಾರದ ಒಂದು ಚಕ್ರ ಇನ್ನೊಂದನ್ನು ತಿರುಗಿಸುತ್ತದೆ, ಆದರೆ ಇನ್ನೊಂದು ಚಕ್ರವನ್ನು ಹುಟ್ಟಿಸುವುದಿಲ್ಲ. ಕಳೆದುಹೋದ ಭಾಗವನ್ನು ತಾನೇ ತುಂಬಿಕೊಳ್ಳುವುದಿಲ್ಲ. ಕೆಟ್ಟರೆ ತಾನೇ ಸರಿಯಾಗುವುದಿಲ್ಲ. ಜೀವ ಇದನ್ನೆಲ್ಲ ಮಾಡುತ್ತದೆ. ಅಜ್ಜನ ಕೈಗೆ ಹೊಸ ಬೆರಳು ಬರಲಿಲ್ಲ ನಿಜ. ಆದರೆ ಗಾಯ ತಾನಾಗಿ ಮಾಯಿತು, ಉಳಿದ ಮೂರು ಬೆರಳು ಐದರ ಕೆಲಸ ಕಲಿತವು. ಆ ಮೂರೇ ಬೆರಳಿನಲ್ಲಿ ಅಜ್ಜ ನನಗೆ ಹಲಸಿನ ತೊಳೆ ಬಿಡಿಸಿಕೊಡುತ್ತಿದ್ದದ್ದು ನನಗೆ ನೆನಪಿದೆ.

ಅಮ್ಮನ ಕೈಯ ಕತೆ ಬೇರೆ. ಬಂಟ್ವಾಳ ತಾಲೂಕಿನಲ್ಲಿ ಬೀಡಿ ಕಟ್ಟದ ಹೆಂಗಸರ ಮನೆ ಹುಡುಕುವುದು ಕಷ್ಟವಿದ್ದ ಕಾಲ ಅದು. ರಾತ್ರಿ ಎಲೆಯನ್ನು ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಬೆಳಿಗ್ಗೆ ಅಳತೆಯ ತಗಡನ್ನು ಎಲೆಯ ಮೇಲಿಟ್ಟು ಕತ್ತರಿಸಬೇಕು. ಮೊರದಲ್ಲಿ ಹೊಗೆಸೊಪ್ಪಿನ ಹುಡಿ, ಚಿಟಿಕೆ ತೆಗೆದು ಎಲೆಯಲ್ಲಿ ಹರಡಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಸುತ್ತಬೇಕು. ಇಪ್ಪತ್ತೈದರ ಕಟ್ಟು. ಸಂಜೆ ಬ್ರಾಂಚಿಗೆ ಕೊಂಡು ಹೋದರೆ ಅಲ್ಲಿಯವರು ನೋಡಿ, ಸರಿಯಿಲ್ಲದ್ದನ್ನು ಬದಿಗೆ ಹಾಕಿ, ಪುಸ್ತಕದಲ್ಲಿ ಬರೆದುಕೊಡುವರು. ಅಮ್ಮ ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಿದ್ದರು. ಅಡಿಗೆ, ದನ, ನಾವು ಮೂವರು ಮಕ್ಕಳು, ಇವುಗಳ ನಡುವೆ ಸಾವಿರ.

ಸಿಗರೇಟಿಗೆ ಯಂತ್ರ ಬಂದು ಎಷ್ಟು ಕಾಲವಾಯಿತು ಗೊತ್ತೇ? ಬಾನ್ಸಾಕ್ ಎಂಬ ಅಮೆರಿಕದ ಯುವಕ 1881ರಲ್ಲಿ ಹಕ್ಕುಪತ್ರ ಪಡೆದ ಯಂತ್ರ ಹತ್ತು ಗಂಟೆಯಲ್ಲಿ 1 ಲಕ್ಷ 20 ಸಾವಿರ ಸಿಗರೇಟು ಸುತ್ತುತ್ತಿತ್ತು. ಅಂದರೆ ಅಮ್ಮನ ನೂರಿಪ್ಪತ್ತು ದಿನದ ದುಡಿಮೆ. ಬೀಡಿಗೆ ಯಾಕೆ ಯಂತ್ರ ಬರಲಿಲ್ಲ? ಕೂಲಿ ಅಗ್ಗವಿದ್ದದ್ದು ಒಂದು ಕಾರಣ. ಇನ್ನೊಂದನ್ನು ಅಮ್ಮನೇ ಹೇಳಿದ್ದರು. ಕಾಗದ ಒಂದರ ಹಾಗೆ ಇನ್ನೊಂದು ಇರುತ್ತದೆ. ಎಲೆ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಒಂದರ ನರ ದಪ್ಪ, ಒಂದಕ್ಕೆ ತೂತು, ಒಂದು ಬೇಗ ಒಣಗುವಂಥದ್ದು. "ಎಲೆಯನ್ನು ಮುಟ್ಟುವಾಗಲೇ ಬೆರಳಿಗೆ ಗೊತ್ತಾಗ್ತದೆ. ಮಿಶನ್ನಿಗೆ ಎಂತ ಗೊತ್ತಾಗ್ತದೆ?" ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿಕೊಳ್ಳಲು ಸರಕಾರಕ್ಕೆ 1966ರ ಕಾಯ್ದೆಯವರೆಗೆ ಬೇಕಾಯಿತು. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ದಿನವೂ ಅಮ್ಮ ಮೊರದ ಮುಂದೆ ಇದ್ದರು. ನನ್ನ ಡಿಗ್ರಿಯಲ್ಲಿ ಎಷ್ಟು ಲಕ್ಷ ಬೀಡಿ ಉಂಟೆಂದು ಒಮ್ಮೆ ಲೆಕ್ಕ ಹಾಕಲು ಹೊರಟು ಅರ್ಧಕ್ಕೆ ಬಿಟ್ಟೆ. ಈಗ ಆ ಬೆರಳುಗಳ ಗಂಟು ದಪ್ಪವಾಗಿದೆ. ನಿದ್ದೆಯಲ್ಲಿ ಹೆಬ್ಬೆರಳೂ ತೋರುಬೆರಳೂ ಹೊದಿಕೆಯ ಅಂಚನ್ನು ಹಿಡಿದು ಸುರುಳಿ ಸುತ್ತುತ್ತವೆ.

ಆ ರಾತ್ರಿಯೂ ಸುತ್ತುತ್ತಿದ್ದವು. ಮಾನಿಟರಿನಲ್ಲಿ ಹೃದಯ ಮೂವತ್ತೈದು, ಮೂವತ್ತಾರು ಎಂದು ಏದುಸಿರು ಬಿಡುತ್ತಿತ್ತು. ಕೈ ಮಾತ್ರ ಅದರ ಪಾಡಿಗೆ ದಿನದ ಸಾವಿರ ಮುಗಿಸುವ ಅವಸರದಲ್ಲಿತ್ತು.

ಬೆಳಿಗ್ಗೆ ಡಾಕ್ಟರಮ್ಮ ಬಂದಾಗ ಅಮ್ಮ ಎದ್ದು ಕೂತಿದ್ದರು. ನನ್ನನ್ನು ಬದಿಗೆ ಸರಿಸಿ ತಾವೇ ಕೇಳಿದರು. "ಡಾಕ್ಟ್ರೇ, ಒಂದು ಕೇಳ್ತೇನೆ, ಬೈಬಾರದು. ಇದು ಒಳಗೆ ಇದ್ದರೆ ನನಗೆ ಸಾವು ಬರ್ತದಾ ಇಲ್ವಾ? ಜೀವ ಹೋದ ಮೇಲೂ ಇದು ಬಡೀತಾ ಇರ್ತದಾ?"

ಅಜ್ಜನ ಬೆರಳಿನ ಹೆದರಿಕೆ ಎಂದು ನಾನು ತಿಳಿದಿದ್ದೆ. ಇದು ನನಗೆ ಹೊಳೆದೇ ಇರಲಿಲ್ಲ. ಪ್ರೆಸ್ಸಿಗೆ ಕೂಲಿಯವನು ಬೇಕು, ಕೂಲಿಯವನು ಹೋದರೂ ಪ್ರೆಸ್ ನಡೆಯುತ್ತದೆ. ಹಾಗೇ ತಾವು ಹೋದ ಮೇಲೂ ತಮ್ಮ ಎದೆಯಲ್ಲಿ ಮಿಶನ್ ನಡೆಯುತ್ತ, ಪ್ರಾಣ ಬಿಡಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ಬಿದ್ದಿರಬೇಕಾದೀತು ಎಂಬ ಹೆದರಿಕೆ.

ಡಾಕ್ಟರಮ್ಮ ನಗಲಿಲ್ಲ. ಸ್ಟೂಲು ಎಳೆದು ಕೂತರು. ಸೂಚನೆ ಕೊಡುವುದಷ್ಟೇ ಇದರ ಕೆಲಸ, ಬಡಿಯುವುದು ನಿಮ್ಮ ಹೃದಯವೇ ಎಂದರು. ನಿಮ್ಮದು ಸರಿಯಾಗಿ ಬಡಿದರೆ ಇದು ಸುಮ್ಮನಿದ್ದು ನೋಡುತ್ತದೆ, ತಪ್ಪಿದರೆ ಮಾತ್ರ ನೆನಪು ಮಾಡುತ್ತದೆ. ಬಡಿಯಲು ಹೃದಯಕ್ಕೆ ಶಕ್ತಿಯೇ ಮುಗಿದ ದಿನ ಇದು ಎಷ್ಟು ಕರೆದರೂ ಅದು ಓಗೊಡುವುದಿಲ್ಲ. ಸಾವನ್ನು ಇದು ತಡೆಯಲಾರದು. ಮತ್ತೆ ಮೆಲ್ಲಗೆ ಇನ್ನೊಂದು ಸೇರಿಸಿದರು: ದಹನ ಮಾಡುವುದಾದರೆ ಮೊದಲು ಇದನ್ನು ತೆಗೆಸಬೇಕು, ಇಲ್ಲದಿದ್ದರೆ ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ.

ನನಗೆ ಎದೆ ಧಸಕ್ಕೆಂದಿತು. ಇದನ್ನೆಲ್ಲ ಈಗಲೇ ಹೇಳಬೇಕಿತ್ತೇ? ಆದರೆ ಅಮ್ಮನ ಮುಖ ಸಡಿಲವಾಯಿತು. "ಹಾಗಾದರೆ ಇದು ಯಂತ್ರ ಕಟ್ಟಿದ ಹಾಗೆ" ಎಂದರು. ಸಣ್ಣವರಿದ್ದಾಗ ನಮಗೆ ಹೆದರಿಕೆಯೋ ಜ್ವರವೋ ಆದರೆ ತಾಮ್ರದ ತಗಡಿನಲ್ಲಿ ಗೆರೆ ಕೊರೆದು ಮಂತ್ರಿಸಿದ ಯಂತ್ರವನ್ನು ರಟ್ಟೆಗೆ ಕಟ್ಟಿಸುತ್ತಿದ್ದರು. ಅದೂ ಯಂತ್ರವೇ. "ಮೊದಲು ಹೊರಗೆ ಕಟ್ಟುತ್ತಿದ್ದದ್ದು, ಈಗ ಒಳಗೆ. ಇಡಿ."

ಒಂದು ಗಂಟೆಯ ಕೆಲಸ. ಎಡಗಡೆಯ ಕೊರಳೆಲುಬಿನ ಕೆಳಗೆ, ಚರ್ಮದಡಿಯಲ್ಲಿ ಬೆಂಕಿಪೆಟ್ಟಿಗೆಗಿಂತಲೂ ಹಗುರಾಗಿ ಕಾಣುವ ಒಂದು ಲೋಹದ ಬಿಲ್ಲೆ; ಅದರಿಂದ ರಕ್ತನಾಳದೊಳಗೆ ಹೃದಯಕ್ಕೆ ಇಳಿದ ಒಂದು ತಂತಿ. ಇದರ ಮೊದಲ ಕತೆಯನ್ನೂ ಓದಿದೆ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಆರ್ನೆ ಲಾರ್ಸನ್ ಎಂಬವರಿಗೆ ಮೊದಲ ಬಾರಿ ಮೈಯೊಳಗೆ ಪೇಸ್‌ಮೇಕರ್ ಇಟ್ಟರು. ಅವರು ದಿನಕ್ಕೆ ಇಪ್ಪತ್ತು ಮೂವತ್ತು ಸಲ ಪ್ರಜ್ಞೆ ತಪ್ಪುತ್ತಿದ್ದರು. ಬೆನ್ನು ಬಿಡದೆ ಡಾಕ್ಟರನ್ನೂ ಎಂಜಿನಿಯರನ್ನೂ ಒಪ್ಪಿಸಿದ್ದು ಅವರ ಹೆಂಡತಿ. ಆ ಉಪಕರಣವನ್ನು ಎರಕ ಹೊಯ್ದದ್ದು ಬೂಟು ಪಾಲಿಶಿನ ಡಬ್ಬಿಯಲ್ಲಿ. ಮೊದಲನೆಯದು ಕೆಲವೇ ಗಂಟೆ ನಡೆಯಿತು. ಆಮೇಲೆ ಬದಲಿಸುತ್ತ ಬದಲಿಸುತ್ತ ಇಪ್ಪತ್ತಾರು ಪೇಸ್‌ಮೇಕರ್ ಸವೆಸಿ, ಅದನ್ನು ಮಾಡಿದ ಎಂಜಿನಿಯರನಿಗಿಂತಲೂ ಇಟ್ಟ ಡಾಕ್ಟರನಿಗಿಂತಲೂ ಹೆಚ್ಚು ಬದುಕಿ, 2001ರಲ್ಲಿ 86ನೆಯ ವಯಸ್ಸಿನಲ್ಲಿ ಲಾರ್ಸನ್ ತೀರಿಕೊಂಡರು.

ಶಾಲೆಗೆ ಹೋದ ಮೊದಲ ದಿನವೇ ಆ ಹುಡುಗನನ್ನು ಕರೆದು ಸ್ವಿಚ್ಚಿನ ಜಾಗ ತೋರಿಸಿದೆ. ಅದನ್ನು ಕಂಡುಹಿಡಿದದ್ದೂ ಒಬ್ಬ ವಿದ್ಯಾರ್ಥಿ ಎಂದು ಹೇಳಿದೆ. ಇಂಗ್ಲೆಂಡಿನಲ್ಲಿ ಆರ್ಥರ್ ಕೀತ್ ಎಂಬ ವೈದ್ಯರ ಜತೆ ಕೆಲಸ ಮಾಡುತ್ತಿದ್ದ ಮಾರ್ಟಿನ್ ಫ್ಲ್ಯಾಕ್, ಗುರುಗಳು ಸೈಕಲ್ ಸವಾರಿಗೆ ಹೋಗಿದ್ದಾಗ, ನೆಲ ಕೊರೆಯುವ ಒಂದು ಸಣ್ಣ ಪ್ರಾಣಿಯ ಹೃದಯದಲ್ಲಿ ಆ ಜಾಗವನ್ನು ನೋಡಿದನಂತೆ. 1907ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು. "ಹಾಕೂದು ಯಾರು ಟೀಚರ್?" ಎಂದು ಅವನು ಮತ್ತೆ ಕೇಳಿದ. ಯಾರೂ ಹಾಕುವುದಿಲ್ಲ, ಅದು ಅಮ್ಮನ ಹೊಟ್ಟೆಯಲ್ಲಿರುವಾಗಲೇ ತಾನಾಗಿ ಶುರುವಾಗುತ್ತದೆ ಎಂದೆ. ಅವನಿಗೆ ಪೂರ್ತಿ ಸಮಾಧಾನ ಆದ ಹಾಗೆ ಕಾಣಲಿಲ್ಲ.

ಅಮ್ಮ ಈಗ ಗಟ್ಟಿ ಇದ್ದಾರೆ. ಮೊಬೈಲನ್ನು ಎಡಗಿವಿಗೆ ಹಿಡಿಯಬಾರದು ಎಂದದ್ದಕ್ಕೆ ಮೊಬೈಲೇ ಬೇಡ ಎಂದು ಬಿಟ್ಟಿದ್ದಾರೆ. ಆಸ್ಪತ್ರೆಯವರು ಕೊಟ್ಟ ಕಾರ್ಡು, ಅಂದರೆ ಉಪಕರಣದ ನಂಬರು, ಇಟ್ಟ ತಾರೀಕು ಇರುವ ಕಾರ್ಡು, ಕಪಾಟಿನ ಕೆಳಗಿನ ಖಾನೆಯ ತಗಡಿನ ಡಬ್ಬಿಯಲ್ಲಿದೆ. ಮೊದಲು ಬ್ರಾಂಚಿನ ಬೀಡಿ ಪುಸ್ತಕ ಇಡುತ್ತಿದ್ದ ಡಬ್ಬಿ ಅದು; ಪುಸ್ತಕವೂ ಅದರಲ್ಲೇ ಇದೆ. ಕಾರ್ಡಿನ ಹಿಂದೆ ನನ್ನಿಂದಲೇ ಒಂದು ಸಾಲು ಬರೆಸಿದ್ದಾರೆ, ದೊಡ್ಡ ಅಕ್ಷರದಲ್ಲಿ, ತಮ್ಮನಿಗೆ ಕಾಣುವ ಹಾಗೆ: 'ಸುಡುವ ಮೊದಲು ತೆಗೆಸಬೇಕು.' ಬರೆದು ಕೊಟ್ಟಾಗ ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರವಾಗಿ ಓದಿ ನೋಡಿದರು. ನಾಲ್ಕನೇ ಕ್ಲಾಸಿನ ಓದು ಅದಕ್ಕೆ ಸಾಕಾಯಿತು.